ಎಂಬಿಯಲ್ಲಿ ತೂಗುವ ಚೆಂದ

ವೆಬ್‌ಸೈಟಿನಲ್ಲಿ ಕಾಣಬೇಕಾದ ಫೋಟೋ ಎಂದರೆ ಕ್ಯಾಮೆರಾದಿಂದ ಇಳಿಸಿದ ಫೈಲ್ ಅಲ್ಲ. ನೋಡುವವರ ಪರದೆಗೆ, ಅವರ ಕೈಗೆ ಸಿಗುವ ನೆಟ್‌ವರ್ಕಿಗೆ ಹೊಂದುವಂತೆ ತಯಾರು ಮಾಡಿದ ಬೇರೆಯೇ ಒಂದು ಪ್ರತಿ ಅದು. ಬೇಡದ ಭಾಗ ಕತ್ತರಿಸುವುದು, ಬಣ್ಣ ಸರಿಪಡಿಸುವುದು, ಪಿಕ್ಸೆಲ್‌ಗಳ ಲೆಕ್ಕದಲ್ಲಿ ಕುಗ್ಗಿಸುವುದು, ಕುಗ್ಗಿದ ಮೇಲೆ ಅಂಚುಗಳನ್ನು ತುಸು ಚೂಪು ಮಾಡುವುದು, ಕೊನೆಗೆ ಕಂಪ್ರೆಸ್ ಮಾಡಿ ಉಳಿಸುವುದು: ತಯಾರಿ ಎಂದರೆ ಇಷ್ಟು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ ಈ ಕೆಲಸ ಬೇಕಾದವರಿದ್ದಾರೆ. ದೊಡ್ಡಬಳ್ಳಾಪುರದ ಸೀರೆ ಮಾರುವವರು, ದೇವನಹಳ್ಳಿ ಸುತ್ತಿನ ಹೋಂಸ್ಟೇಯವರು, ಹೊಸಕೋಟೆಯ ಕಲ್ಯಾಣ ಮಂಟಪದವರು, ನೆಲಮಂಗಲದ ಶಾಲೆಯವರು ಎಲ್ಲರಿಗೂ ಇಂದು ಒಂದೊಂದು ವೆಬ್‌ಸೈಟ್ ಇದೆ, ಅದರ ತುಂಬ ಫೋಟೋ ಇದೆ.

ಆದರೆ ಈ ತಯಾರಿ ಬೇಡವೇ ಬೇಡ ಎನ್ನುವ ನಂಬಿಕೆ ಎಲ್ಲೆಡೆ ಬೇರೂರಿದೆ. ಸ್ಟುಡಿಯೋದವರೂ ಅದನ್ನೇ ಹೇಳುತ್ತಾರೆ, ವೆಬ್‌ಸೈಟ್ ಮಾಡಿಕೊಡುವ ಹುಡುಗರೂ ಅದನ್ನೇ ಹೇಳುತ್ತಾರೆ, ದುಡ್ಡು ಕೊಡುವ ಯಜಮಾನರಂತೂ ಅದನ್ನೇ ಕೇಳುತ್ತಾರೆ. ಅದರ ಮಾತು ಹೀಗಿರುತ್ತದೆ: ‘ಒರಿಜಿನಲ್ ಹಾಗೇ ಹಾಕಿ. ಕಂಪ್ರೆಸ್ ಮಾಡಿದರೆ ಕ್ಲಾರಿಟಿ ಹೋಗುತ್ತೆ. ಎಂಬಿ ಜಾಸ್ತಿ ಇದ್ದಷ್ಟೂ ಫೋಟೋ ಚೆನ್ನಾಗಿರುತ್ತೆ. ಹೇಗೂ ಈಗ 5ಜಿ ಬಂದಿದೆ.’ ಇದರಲ್ಲಿ ನಾಲ್ಕು ಮಾತುಗಳಿವೆ, ಮೊದಲ ಮೂರೂ ತಪ್ಪು. ಕೊನೆಯದು ಮಾತ್ರ ಅರ್ಧ ನಿಜ. ಆ ಅರ್ಧ ನಿಜದಿಂದ ಆಗಿರುವ ಹಾನಿಯೇ ಉಳಿದ ಮೂರಕ್ಕಿಂತ ಹೆಚ್ಚು.

ಮೊದಲನೆಯದು ‘ಒರಿಜಿನಲ್’ ಎಂಬ ಮಾತು. ಸಾಮಾನ್ಯ ಫೋನ್ ಒಂದು 12 ಮೆಗಾಪಿಕ್ಸೆಲ್‌ನ ಫೋಟೋ ತೆಗೆಯುತ್ತದೆ ಎಂದುಕೊಂಡರೆ ಅದು ಅಗಲಕ್ಕೆ 4000, ಎತ್ತರಕ್ಕೆ 3000 ಪಿಕ್ಸೆಲ್. ಒಂದೊಂದು ಪಿಕ್ಸೆಲಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಒಟ್ಟು 3 ಕೋಟಿ 60 ಲಕ್ಷ ಬೈಟ್, ಅಂದರೆ 36 ಎಂಬಿ. ಆದರೆ ಫೋನಿನ ಗ್ಯಾಲರಿಯಲ್ಲಿ ಅದೇ ಫೋಟೋ ನಾಲ್ಕು ಎಂಬಿ ಆಸುಪಾಸಿನಲ್ಲಿ ಇರುತ್ತದೆ. ಒಂಬತ್ತು ಪಾಲಿನಲ್ಲಿ ಎಂಟು ಪಾಲು ಎಲ್ಲಿ ಹೋಯಿತು? ಬಟನ್ ಒತ್ತಿದ ಕ್ಷಣದಲ್ಲೇ ಫೋನ್ ಅದನ್ನು ಕಂಪ್ರೆಸ್ ಮಾಡಿ ಮುಗಿಸಿದೆ. ‘ಕಂಪ್ರೆಸ್ ಮಾಡಿದರೆ ಕ್ಲಾರಿಟಿ ಹೋಗುತ್ತೆ’ ಎಂದು ಹೆದರುವವರು ಮೆಚ್ಚಿ ನೋಡುತ್ತಿರುವ ಆ ‘ಒರಿಜಿನಲ್’ ಕಂಪ್ರೆಸ್ ಆದ ಫೋಟೋವೇ. ಕಂಪ್ರೆಸ್ ಆಗದ ಫೋಟೋವನ್ನು ಅವರಲ್ಲಿ ಹೆಚ್ಚಿನವರು ಕಣ್ಣಿನಿಂದ ಕಂಡೇ ಇಲ್ಲ. ಹೀಗಾಗಿ ಕಂಪ್ರೆಸ್ ಮಾಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಜಾಗಕ್ಕಾಗಿ, ಯಾವುದನ್ನು ಉಳಿಸಿಕೊಳ್ಳಲು, ಯಾರ ಕಣ್ಣಳತೆಯಲ್ಲಿ ಮಾಡಬೇಕು ಎಂಬುದಷ್ಟೇ ಉಳಿಯುವ ಪ್ರಶ್ನೆ.

ಈ ಕಂಪ್ರೆಸ್ ಮಾಡುವ ವಿದ್ಯೆಯ ಬೇರು ಬೆಂಗಳೂರಿಗೇ ಬಂದು ಮುಟ್ಟುತ್ತದೆ ಎಂಬುದು ಇಲ್ಲಿನವರಿಗೇ ಅಷ್ಟಾಗಿ ಗೊತ್ತಿಲ್ಲ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕೆ.ಆರ್. ವೃತ್ತದ ಬಳಿಯ ಯುವಿಸಿಇಯಲ್ಲಿ 1961ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1972ರಲ್ಲಿ, ಚಿತ್ರದ ಮಾಹಿತಿಯನ್ನು ಕೊಸೈನ್ ಅಲೆಗಳಾಗಿ ಬಿಡಿಸುವ ಒಂದು ವಿಧಾನವನ್ನು ಅಧ್ಯಯನ ಮಾಡಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು, ಇದು ತೀರಾ ಸರಳ ಎನ್ನುವುದು ಪರಿಶೀಲಕರೊಬ್ಬರ ಆಕ್ಷೇಪವಾಗಿತ್ತು. ಅಹ್ಮದ್ ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ, ಎಂಬ ಆ ವಿಧಾನವೇ 1992ರಲ್ಲಿ ಒಪ್ಪಿಗೆ ಪಡೆದ ಜೆಪಿಇಜಿ ಮಾನಕದ ಬುನಾದಿ. ದೊಡ್ಡಬಳ್ಳಾಪುರದ ಅಂಗಡಿಯಲ್ಲಿ ಕೂತು ಸೀರೆಯ ಫೋಟೋ ತೆಗೆಯುವ ಫೋನ್ ಇಂದಿಗೂ ಆ ಲೆಕ್ಕವನ್ನೇ ಮಾಡುತ್ತದೆ.

ಆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ಗೊತ್ತಾದರೆ ಹೆದರಿಕೆ ಬಹುಮಟ್ಟಿಗೆ ಕಳೆಯುತ್ತದೆ. ಜೆಪಿಇಜಿ ಮೊದಲು ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಸೂಕ್ಷ್ಮವಾಗಿ ಹಿಡಿಯುತ್ತದೆ, ಬಣ್ಣದ ಏರಿಳಿತವನ್ನು ಅಷ್ಟು ಸೂಕ್ಷ್ಮವಾಗಿ ಹಿಡಿಯುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಬಣ್ಣದ ಪದರವನ್ನು ನಾಲ್ಕು ಪಿಕ್ಸೆಲಿಗೆ ಒಂದು ಬೆಲೆಯಂತೆ ಇಟ್ಟುಕೊಳ್ಳುತ್ತದೆ. ಇಷ್ಟರಲ್ಲೇ ಮಾಹಿತಿ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಚಿತ್ರವನ್ನು ಎಂಟು ಸಾಲು, ಎಂಟು ಕಂಬದ ಚೌಕಗಳಾಗಿ ಹೋಳು ಮಾಡುತ್ತದೆ. ಒಂದೊಂದು ಚೌಕದಲ್ಲಿ 64 ಬೆಲೆ. ಡಿಸಿಟಿ ಆ 64 ಬೆಲೆಗಳನ್ನು ಬೇರೆ 64 ಬೆಲೆಗಳಾಗಿ ಬದಲಿಸುತ್ತದೆ: ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕು, ಮಿಕ್ಕ 63 ಒರಟಿನಿಂದ ನವಿರಿನವರೆಗಿನ ಏರಿಳಿತಗಳು. ಇಲ್ಲಿಯವರೆಗೆ ಈ ಬೆಲೆಗಳಿಂದ ಏನೂ ಕಳೆದಿಲ್ಲ. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿ ಬೆಲೆಯನ್ನೂ ಒಂದು ಕೋಷ್ಟಕದ ಸಂಖ್ಯೆಯಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸುತ್ತಾರೆ. ನವಿರಾದ ಏರಿಳಿತಗಳಿಗೆ ದೊಡ್ಡ ಭಾಜಕ. ಅವುಗಳಲ್ಲಿ ಬಹುಪಾಲು ಸೊನ್ನೆಯಾಗುತ್ತವೆ. ಸೊನ್ನೆಗಳ ಸಾಲನ್ನು ಬರೆದಿಡಲು ಹೆಚ್ಚು ಜಾಗ ಬೇಕಾಗುವುದಿಲ್ಲ.

ಇದರಿಂದ ಒಂದು ಮುಖ್ಯ ಸಂಗತಿ ಸಿಗುತ್ತದೆ. ಶಿವಗಂಗೆಯ ಬೆಟ್ಟದ ಮೇಲಿನ ಬಿಳಿಚಿದ ಆಕಾಶದ ಒಂದು ಚೌಕದಲ್ಲಿ ಸರಾಸರಿಯನ್ನು ಬಿಟ್ಟರೆ ಉಳಿದ 63 ಬೆಲೆಗಳೂ ಸೊನ್ನೆಯ ಹತ್ತಿರ ಇರುತ್ತವೆ. ಜರಿ ಅಂಚಿನ ಒಂದು ಚೌಕದಲ್ಲಿ ಅವುಗಳಲ್ಲಿ ಅರ್ಧದಷ್ಟಾದರೂ ಜೀವಂತವಾಗಿರಬಹುದು. ಅಗಲ ಎತ್ತರ ಒಂದೇ, ಗುಣಮಟ್ಟದ ಅಂಕಿ ಒಂದೇ, ಆದರೂ ಆಕಾಶದ ಫೋಟೋ ಹಗುರ, ಜರಿಯ ಫೋಟೋ ಭಾರ. ಫೈಲಿನ ತೂಕ ಚಿತ್ರದಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಹೀಗಿರುವಾಗ ಎಂಬಿ ನೋಡಿ ಫೋಟೋ ಚೆನ್ನಾಗಿದೆ ಎನ್ನುವುದು ಮೂಟೆಯ ತೂಕ ನೋಡಿ ಅಕ್ಕಿಯ ರುಚಿ ಹೇಳಿದಂತೆ.

ತೂಕ ಮತ್ತು ಗುಣ ಎಷ್ಟು ಬೇರೆ ಎಂಬುದಕ್ಕೆ ಪ್ರತಿ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ದಿನವೂ ಸಾಕ್ಷಿ ಸಿಗುತ್ತದೆ. ಸರ್ಕಾರಿ ನೌಕರಿಯ ಆನ್‌ಲೈನ್ ಅರ್ಜಿಗಳಲ್ಲಿ ಭಾವಚಿತ್ರ 20ರಿಂದ 50 ಕೆಬಿ ಒಳಗಿರಬೇಕು ಎಂಬಂಥ ನಿಯಮ ಸಾಮಾನ್ಯ. ‘ಕೆಬಿ ಕಮ್ಮಿ ಮಾಡಿಕೊಡಿ ಅಣ್ಣ’ ಎಂದು ಬರುವವರೇ ಹೆಚ್ಚು. ಕೆಲವೊಮ್ಮೆ ಉಲ್ಟಾ ಆಗುತ್ತದೆ: ಫೋಟೋ 14 ಕೆಬಿ ಇದೆ, ಅರ್ಜಿ ತೆಗೆದುಕೊಳ್ಳುತ್ತಿಲ್ಲ. ಆಗ ಅಂಗಡಿಯವರು ಅದೇ ಫೋಟೋವನ್ನು ತೆರೆದು, ಗುಣಮಟ್ಟದ ಅಂಕಿಯನ್ನು ಮೇಲಕ್ಕೆ ಎಳೆದು, ಮತ್ತೆ ಸೇವ್ ಮಾಡುತ್ತಾರೆ. ಕೆಬಿ ಏರುತ್ತದೆ, ಅರ್ಜಿ ಹೋಗುತ್ತದೆ. ಮುಖದಲ್ಲಿ ಒಂದು ಕೂದಲೆಳೆಯಷ್ಟು ಹೊಸ ವಿವರವೂ ಸೇರಿರುವುದಿಲ್ಲ. ಒಮ್ಮೆ ಸೊನ್ನೆಯಾದ ಬೆಲೆ ಮತ್ತೆ ಹುಟ್ಟುವುದಿಲ್ಲ. ಈಗಾಗಲೇ ಕೆಟ್ಟಿದ್ದ ಚಿತ್ರವನ್ನೇ ಹೆಚ್ಚು ಜಾಗ ಕೊಟ್ಟು ಬರೆದಿಟ್ಟಂತಾಗಿದೆ ಅಷ್ಟೆ. ವೆಬ್‌ಸೈಟಿಗೆ ಫೋಟೋ ಹಾಕುವವರು ಗುಣಮಟ್ಟ 100 ಎಂದು ಇಟ್ಟು ಸೇವ್ ಮಾಡುವಾಗಲೂ ಇದೇ ಆಗುತ್ತದೆ. ಆ ಅಂಕಿ ಶೇಕಡಾ ಲೆಕ್ಕವೇ ಅಲ್ಲ. 80 ಎಂದರೆ ಐದರಲ್ಲಿ ಒಂದು ಪಾಲು ಹೋಯಿತು ಎಂದಲ್ಲ. ಯಾವ ಭಾಜಕಗಳ ಕೋಷ್ಟಕ ಬಳಸಬೇಕು ಎಂಬುದರ ಸೂಚನೆ ಮಾತ್ರ, ಅದೂ ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ಬಗೆ. 75ರಿಂದ 85ರ ನಡುವೆ ಬಹುತೇಕ ಫೋಟೋಗಳಲ್ಲಿ ಕಣ್ಣಿಗೆ ನಷ್ಟ ಕಾಣುವುದಿಲ್ಲ. 90 ದಾಟಿದ ಮೇಲೆ ತೂಕ ಮಾತ್ರ ಭರದಿಂದ ಏರುತ್ತದೆ.

ಸ್ಟುಡಿಯೋದವರಲ್ಲಿ ಇನ್ನೊಂದು ಮಾತು ಓಡಾಡುತ್ತದೆ: ವೆಬ್‌ಗೆ 72 ಡಿಪಿಐ, ಪ್ರಿಂಟಿಗೆ 300 ಡಿಪಿಐ. ಪ್ರಿಂಟಿನ ಮಟ್ಟಿಗೆ ಸರಿ. ಪರದೆಗೆ ಆ ಸಂಖ್ಯೆಯ ಸಂಬಂಧವೇ ಇಲ್ಲ. ಬ್ರೌಸರ್ ಎಣಿಸುವುದು ಪಿಕ್ಸೆಲ್‌ಗಳನ್ನು. 4000 ಪಿಕ್ಸೆಲ್ ಅಗಲದ ಫೋಟೋಗೆ 72 ಎಂಬ ಚೀಟಿ ಅಂಟಿಸಿದರೂ 300 ಎಂಬ ಚೀಟಿ ಅಂಟಿಸಿದರೂ ಅದು 4000 ಪಿಕ್ಸೆಲ್ಲೇ. 1984ರ ಮ್ಯಾಕಿಂತಾಷ್ ಪರದೆಯಲ್ಲಿ ಒಂದು ಇಂಚಿಗೆ 72 ಪಿಕ್ಸೆಲ್ ಇತ್ತು. ಆ ಪರದೆ ಹೋಗಿ ದಶಕಗಳಾದರೂ ಅದರ ಸಂಖ್ಯೆ ಮಾತ್ರ ಮಂತ್ರದಂತೆ ಉಳಿದುಕೊಂಡಿದೆ.

ಪಿಕ್ಸೆಲ್‌ಗಳ ಎಣಿಕೆಯೇ ನಿಜವಾದ ಲೆಕ್ಕ ಎಂದ ಮೇಲೆ, ನೋಡುವವರ ಕೈಯಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂದು ಕೇಳಬೇಕು. ಇಂದು ಬಹಳ ಜನರ ಕೈಯಲ್ಲಿರುವ ಫೋನಿನ ಪರದೆ ಅಡ್ಡಕ್ಕೆ 1080 ಪಿಕ್ಸೆಲ್. ಅಗ್ಗದ ಫೋನುಗಳಲ್ಲಿ 720. ಪರದೆಯ ಅಗಲ ಪೂರ್ತಿ ತುಂಬುವಂತೆ ಫೋಟೋ ಹಾಕಿದರೂ ಬೇಕಾಗುವುದು 1080ಕ್ಕೆ 810, ಅಂದರೆ ಒಂಬತ್ತು ಲಕ್ಷಕ್ಕಿಂತ ಕಡಿಮೆ ಪಿಕ್ಸೆಲ್. ‘ಒರಿಜಿನಲ್’ ಕಳಿಸುವುದು 1 ಕೋಟಿ 20 ಲಕ್ಷ ಪಿಕ್ಸೆಲ್. ಹತ್ತಿರ ಹತ್ತಿರ ಹದಿನಾಲ್ಕು ಪಾಲು ಕಳಿಸಿ, ಒಂದು ಪಾಲು ತೋರಿಸಿ, ಹದಿಮೂರು ಪಾಲನ್ನು ಗ್ರಾಹಕರ ಫೋನಿನಲ್ಲೇ ಬಿಸಾಡುವ ವ್ಯವಸ್ಥೆ ಇದು. ಬಿಸಾಡುವುದಕ್ಕೂ ಆ ಫೋನೇ ದುಡಿಯಬೇಕು. ಕಂಪ್ರೆಸ್ ಆದ ಫೈಲನ್ನು ಬ್ರೌಸರ್ ತೋರಿಸುವ ಮೊದಲು ಬಿಚ್ಚಬೇಕಾಗುತ್ತದೆ. ಪೂರ್ತಿ ಬಿಚ್ಚಿದರೆ ಒಂದು ಪಿಕ್ಸೆಲಿಗೆ ನಾಲ್ಕು ಬೈಟ್ ಲೆಕ್ಕದಲ್ಲಿ ಒಂದು ಫೋಟೋ 48 ಎಂಬಿ ನೆನಪಿನ ಜಾಗ ತಿನ್ನುತ್ತದೆ. ಇಪ್ಪತ್ತು ಸೀರೆಯ ಪುಟ ಒಂದು ಜಿಬಿಯ ಹತ್ತಿರ ಬರುತ್ತದೆ. ಎರಡು-ಮೂರು ಜಿಬಿ ರ‍್ಯಾಮ್ ಇರುವ ಫೋನ್ ಅಲ್ಲಿ ಉಸಿರುಗಟ್ಟಿ ನಿಲ್ಲುತ್ತದೆ. ‘ಸುತ್ತುತ್ತಾನೇ ಇದೆ’ ಎಂದು ಗ್ರಾಹಕರು ಫೋನನ್ನು ಬೈಯುತ್ತಾರೆ. ತಪ್ಪು ಫೋನಿನದಲ್ಲ.

ಇನ್ನು 5ಜಿ. ಭಾರತದಲ್ಲಿ ಅದು ಬಂದದ್ದು 2022ರ ಅಕ್ಟೋಬರ್ 1ರಂದು, ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತ ಅದರ ವೇಗ ಚೆನ್ನಾಗಿಯೇ ಇರಬಹುದು. ಆದರೆ ವೆಬ್‌ಸೈಟ್ ತೆರೆಯುವುದು ಟವರಿನ ಕೆಳಗೆ ನಿಂತವರು ಮಾತ್ರ ಅಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಸಾವಿರಾರು ಫೋನುಗಳು ಒಂದೇ ಟವರನ್ನು ಹಂಚಿಕೊಳ್ಳುತ್ತವೆ. ಆರ್‌ಸಿಸಿ ಮನೆಯ ಒಳಕೋಣೆಯಲ್ಲಿ ಸಿಗ್ನಲ್ ಕುಗ್ಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವರ ಡೇಟಾ ಸಂಜೆಯೊಳಗೆ ಮುಗಿದರೆ ಮಿಕ್ಕ ಹೊತ್ತು 64 ಕೆಬಿಪಿಎಸ್ ವೇಗದಲ್ಲಿ ತೆವಳಬೇಕು. ಲೆಕ್ಕ ಹಾಕಿದರೆ ಇದರ ಅರ್ಥ ಇನ್ನಷ್ಟು ಗಟ್ಟಿಯಾಗಿ ತಿಳಿಯುತ್ತದೆ. ನಾಲ್ಕು ಎಂಬಿಯ ಇಪ್ಪತ್ತು ಫೋಟೋ ಎಂದರೆ 80 ಎಂಬಿ. ತಯಾರು ಮಾಡಿದ 150 ಕೆಬಿಯ ಇಪ್ಪತ್ತು ಫೋಟೋ ಎಂದರೆ 3 ಎಂಬಿ. ಸೆಕೆಂಡಿಗೆ 8 ಮೆಗಾಬಿಟ್ ಸಿಗುವ ಕಡೆ ಮೊದಲನೆಯದಕ್ಕೆ 80 ಸೆಕೆಂಡ್, ಎರಡನೆಯದಕ್ಕೆ 3 ಸೆಕೆಂಡ್. ಡೇಟಾ ಮುಗಿದವರಿಗೆ ನಾಲ್ಕು ಎಂಬಿಯ ಒಂದೇ ಒಂದು ಫೋಟೋ ಇಳಿಯಲು ಎಂಟು ನಿಮಿಷ ಮೀರುತ್ತದೆ. 150 ಕೆಬಿಯದು 19 ಸೆಕೆಂಡಿನಲ್ಲಿ ಬಂದುಬಿಡುತ್ತದೆ. 80 ಎಂಬಿ ಒಂದು ದಿನದ ಪ್ಯಾಕಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು. ಸೀರೆ ಕೊಳ್ಳದೆ ನೋಡಿ ಹೋದವರ ಜೇಬಿನಿಂದಲೂ ಅಷ್ಟು ಖರ್ಚು ಮಾಡಿಸುವ ಹಕ್ಕು ಯಾವ ಅಂಗಡಿಗೂ ಇಲ್ಲ. ಪುಟದ ಮುಖ್ಯ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಎಂದು 2020ರಿಂದ ಗೂಗಲ್ ಅಳತೆಗೋಲು ಇಟ್ಟುಕೊಂಡಿದೆ. ಹುಡುಕಾಟದಲ್ಲಿ ಮೇಲೆ ಬರಬೇಕು ಎಂದು ದುಡ್ಡು ಸುರಿಯುವವರು ಮೊದಲು ಇದನ್ನು ಗಮನಿಸಬೇಕಿತ್ತು.

ಇಷ್ಟೆಲ್ಲ ಸಹಿಸಿಕೊಂಡರೂ ‘ಒರಿಜಿನಲ್’ ಚೆನ್ನಾಗಿ ಕಾಣುತ್ತದೆಯೇ? ಕಾಣುವುದಿಲ್ಲ. ದೊಡ್ಡಬಳ್ಳಾಪುರದ ಒಂದು ಸೀರೆಯನ್ನೇ ಹತ್ತಿರದಿಂದ ನೋಡಬಹುದು: ಹಸಿರು ಒಡಲು, ಮೆರೂನ್ ಅಂಚು, ಅಂಚಿನಲ್ಲಿ ಸಣ್ಣ ಸಣ್ಣ ಜರಿ ಗೆರೆ. ಮಗ್ಗದ ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ಸೀರೆಯನ್ನು ಹರಡಿ ಫೋನಿನಲ್ಲಿ ತೆಗೆದಾಗ ಇಡೀ ಚೌಕಟ್ಟನ್ನು ಹಸಿರೇ ತುಂಬಿಕೊಳ್ಳುತ್ತದೆ. ಬಿಳಿ ಯಾವುದು ಎಂದು ತಾನೇ ಊಹಿಸುವ ಫೋನ್ ಇದರಿಂದ ದಾರಿ ತಪ್ಪುತ್ತದೆ. ಹಸಿರು ತಗ್ಗುತ್ತದೆ, ಮೆರೂನ್ ನೇರಳೆಯ ಕಡೆ ವಾಲುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹತ್ತಿ ಬಟ್ಟೆ ಅಥವಾ ಬೂದು ಕಾರ್ಡ್ ಇಟ್ಟು ತೆಗೆದು, ಆಮೇಲೆ ಅದನ್ನು ಆಧಾರವಾಗಿಟ್ಟುಕೊಂಡು ಬಣ್ಣ ಸರಿಪಡಿಸಿದರೆ ನೇಯ್ದವರು ಆರಿಸಿದ ಬಣ್ಣ ಮರಳಿ ಬರುತ್ತದೆ. ಹಾಗೇ ಹಾಕಿದ ಫೋಟೋದಲ್ಲಿ ಬರುವುದಿಲ್ಲ. ‘ನೀವು ತೋರಿಸಿದ ಬಣ್ಣವೇ ಬೇರೆ, ಕಳಿಸಿದ ಬಣ್ಣವೇ ಬೇರೆ’ ಎಂದು ಸೀರೆ ವಾಪಸ್ ಬಂದಾಗ ಅದರ ನಷ್ಟ ಬೀಳುವುದು ಎಂಬಿ ನಂಬಿದ ವ್ಯಾಪಾರಿಯ ಮೇಲೆ, ಕೊನೆಗೆ ಮಗ್ಗದವರ ಮೇಲೆ.

ಒಳ್ಳೆ ಕ್ಯಾಮೆರಾ ಬಳಸುವವರಿಗೂ ಇಲ್ಲಿ ಒಂದು ಗುಂಡಿ ಇದೆ. ಸ್ಟುಡಿಯೋ ಕ್ಯಾಮೆರಾವನ್ನು ಅಡೋಬ್ ಆರ್‌ಜಿಬಿ ಎಂಬ ವಿಶಾಲ ಬಣ್ಣಕ್ಷೇತ್ರಕ್ಕೆ ಹೊಂದಿಸಿ ತೆಗೆದ ಫೋಟೋದ ಜೊತೆಗೆ ಅದರ ಬಣ್ಣದ ಕೈಪಿಡಿಯಂತಿರುವ ಪ್ರೊಫೈಲ್ ಹೋಗಬೇಕು. ದಾರಿಯಲ್ಲಿ ಯಾವುದೋ ಸಾಫ್ಟ್‌ವೇರ್ ಅದನ್ನು ಕಿತ್ತುಹಾಕಿದರೆ ಬ್ರೌಸರ್ ಅದೇ ಸಂಖ್ಯೆಗಳನ್ನು ಎಸ್‌ಆರ್‌ಜಿಬಿ ಎಂಬ ಕಿರಿದಾದ ಬಣ್ಣಕ್ಷೇತ್ರದವು ಎಂದು ಓದುತ್ತದೆ, ಮೆರೂನ್ ಒಗೆದ ಬಟ್ಟೆಯಂತೆ ಮಂಕಾಗುತ್ತದೆ. ತಯಾರು ಮಾಡುವಾಗಲೇ ಎಸ್‌ಆರ್‌ಜಿಬಿಗೆ ಬದಲಿಸಿ ಉಳಿಸಿದರೆ ಈ ತೊಂದರೆ ಬರುವುದಿಲ್ಲ.

ಮುಂದಿನದು ಜರಿ ಗೆರೆ. 4000 ಪಿಕ್ಸೆಲಿನ ಫೋಟೋವನ್ನು 360 ಅಥವಾ 1080 ಪಿಕ್ಸೆಲಿನ ಜಾಗಕ್ಕೆ ಇಳಿಸುವ ಕೆಲಸವನ್ನು ಬ್ರೌಸರಿಗೆ ಬಿಟ್ಟರೆ ಅದು ವೇಗಕ್ಕೆ ಆದ್ಯತೆ ಕೊಡುತ್ತದೆ. ಒತ್ತೊತ್ತಾಗಿರುವ ಗೆರೆಗಳ ಮೇಲೆ ಸೀರೆಯಲ್ಲಿ ಇಲ್ಲದ ಅಲೆಅಲೆಯ ಮಚ್ಚೆಗಳು ಮೂಡಬಹುದು, ಇಲ್ಲವೇ ಗೆರೆಗಳೆಲ್ಲ ಕಲಸಿ ಬರಿ ಹಳದಿ ಪಟ್ಟಿಯಾಗಬಹುದು. ಸಾವಧಾನದ ಲೆಕ್ಕದಲ್ಲಿ, ಸುತ್ತಲಿನ ಪಿಕ್ಸೆಲ್‌ಗಳನ್ನೆಲ್ಲ ತೂಗಿ ಸರಾಸರಿ ಮಾಡುವ ಲ್ಯಾಂಕ್ಜೋಸ್‌ನಂಥ ವಿಧಾನದಲ್ಲಿ ಮೊದಲೇ ಕುಗ್ಗಿಸಿ, ಆಮೇಲೆ ತುಸು ಚೂಪು ಮಾಡಿದ ಚಿತ್ರದಲ್ಲಿ ಜರಿ ಜರಿಯಾಗಿಯೇ ಹೊಳೆಯುತ್ತದೆ. 150 ಕೆಬಿಯ ಈ ಪ್ರತಿಯನ್ನೂ ನಾಲ್ಕು ಎಂಬಿಯ ‘ಒರಿಜಿನಲ್’ ಅನ್ನೂ ಒಂದೇ ಫೋನಿನಲ್ಲಿ ಪಕ್ಕಪಕ್ಕ ಇಟ್ಟರೆ, ಮಗ್ಗದವರ ಕಣ್ಣು ಒಪ್ಪುವುದು ಮೊದಲನೆಯದನ್ನೇ.

ಕಂಪ್ರೆಸ್ ಮಾಡುವುದರಿಂದ ನಿಜವಾಗಿಯೂ ಕೆಡುವ ಜಾಗವೂ ಇದೇ ಸೀರೆಯಲ್ಲಿ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ನಾಲ್ಕು ಪಿಕ್ಸೆಲಿಗೆ ಒಂದೇ ಬಣ್ಣದ ಬೆಲೆ ಎಂಬ ಉಳಿತಾಯದ ವಿಚಾರ ಮೇಲೆ ಬಂದಿದೆ. ಮುಖ, ಮರ, ಕಟ್ಟಡಗಳಲ್ಲಿ ಅದು ಗೊತ್ತಾಗುವುದೇ ಇಲ್ಲ. ಆದರೆ ಗಾಢ ಹಸಿರಿನ ಪಕ್ಕದಲ್ಲೇ ಗಾಢ ಕೆಂಪು ಶುರುವಾಗುವ ಕಡೆ ಎರಡು ಬಣ್ಣಗಳೂ ಒಂದರೊಳಗೊಂದು ಸೋರಿ ಅಂಚಿನ ಉದ್ದಕ್ಕೂ ಕಂದು ಬಣ್ಣದ ಮಾಸಲು ಗೆರೆ ಮೂಡುತ್ತದೆ. ಬಣ್ಣ ಬಿಡುವ ಸೀರೆಯೇನೋ ಎಂದು ಗ್ರಾಹಕರಿಗೆ ಅನುಮಾನ ಬರುವಷ್ಟು. ಇಂಥ ಚಿತ್ರಕ್ಕೆ ಬಣ್ಣದ ಪದರವನ್ನು ಪೂರ್ತಿ ಉಳಿಸುವ ಆಯ್ಕೆ, ಸಾಫ್ಟ್‌ವೇರಿನಲ್ಲಿ 4:4:4 ಎಂದು ಬರೆದಿರುವುದು, ಜೆಪಿಇಜಿಯಲ್ಲೇ ಇದೆ. ಫೈಲ್ ಸ್ವಲ್ಪ ದಪ್ಪವಾಗುತ್ತದೆ, ಆಗಲಿ. ಎಲ್ಲ ಫೋಟೋವೂ 100 ಕೆಬಿ ಒಳಗಿರಬೇಕು ಎಂದು ಕಣ್ಣುಮುಚ್ಚಿ ಹಟ ಹಿಡಿಯುವವರು ಈ ಅಂಚನ್ನು ಕೆಡಿಸುತ್ತಾರೆ. ಎಂಬಿ ಪೂಜಿಸುವವರು ಮಾಡುವ ತಪ್ಪೇ ಅದು, ದಿಕ್ಕು ಮಾತ್ರ ಬೇರೆ. ಇಬ್ಬರೂ ಸಂಖ್ಯೆಯನ್ನು ನೋಡುತ್ತಾರೆ, ಸೀರೆಯನ್ನು ನೋಡುವುದಿಲ್ಲ.

ಹೊಸ ಫಾರ್ಮ್ಯಾಟ್‌ಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಗೂಗಲ್ 2010ರಲ್ಲಿ ತಂದ ವೆಬ್‌ಪಿ, 2019ರಲ್ಲಿ ಬಂದ ಎವಿಐಎಫ್ ಎರಡೂ ಒಂದೇ ತೂಕದಲ್ಲಿ ಜೆಪಿಇಜಿಗಿಂತ ಸಾಮಾನ್ಯವಾಗಿ ಚೆನ್ನಾಗಿ ಕಾಣುತ್ತವೆ. ಇಂದಿನ ಮುಖ್ಯ ಬ್ರೌಸರ್‌ಗಳೆಲ್ಲ ಅವನ್ನು ತೆರೆಯುತ್ತವೆ. ಆದರೆ ನಷ್ಟಸಹಿತ ವೆಬ್‌ಪಿಯಲ್ಲಿ ಬಣ್ಣದ ಪದರವನ್ನು ಪೂರ್ತಿ ಇಡುವ ಆಯ್ಕೆಯೇ ಇಲ್ಲ. ಹಸಿರು-ಮೆರೂನ್ ಅಂಚಿಗೆ ಎವಿಐಎಫ್ ಅಥವಾ ಹಳೆಯ ಜೆಪಿಇಜಿಯೇ ವಾಸಿ. ಐಫೋನ್ 2017ರಿಂದ ತೆಗೆಯುತ್ತಿರುವ ಎಚ್‌ಇಐಸಿ ಫೈಲುಗಳನ್ನಂತೂ ‘ಹಾಗೇ ಹಾಕುವ’ ಮಾತೇ ಬರುವುದಿಲ್ಲ. ಕ್ರೋಮ್‌ನಲ್ಲಿ ಅವು ತೆರೆಯುವುದಿಲ್ಲ, ಚಿತ್ರದ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ.

‘ಇದೆಲ್ಲ ಸಾಫ್ಟ್‌ವೇರೇ ನೋಡಿಕೊಳ್ಳುತ್ತೆ’ ಎಂಬುದು ಹಳೆಯ ನಂಬಿಕೆ ಈಗ ತೊಟ್ಟಿರುವ ಹೊಸ ಅಂಗಿ. ಎದುರು ಪಕ್ಷದ ವಾದಗಳಲ್ಲಿ ಗಟ್ಟಿಯಾದದ್ದು ಇದೊಂದೇ. ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರ್ 2015ರ ಡಿಸೆಂಬರಿನಲ್ಲಿ ಬಂದ 4.4ನೇ ಆವೃತ್ತಿಯಿಂದ ಒಂದೇ ಫೋಟೋದ ಹಲವು ಅಳತೆಯ ಪ್ರತಿಗಳನ್ನು ಬ್ರೌಸರಿನ ಮುಂದಿಟ್ಟು ಆರಿಸಿಕೊಳ್ಳಲು ಬಿಡುತ್ತದೆ, 2019ರ 5.3ನೇ ಆವೃತ್ತಿಯಿಂದ 2560 ಪಿಕ್ಸೆಲ್ ಮೀರಿದ ಫೋಟೋವನ್ನು ತಾನೇ ಇಳಿಸುತ್ತದೆ. ಇದು ನಿಜವಾದ ಉಪಕಾರ. ಒಂದು ಫೋಟೋಗೆ 480, 1080, 1920 ಹೀಗೆ ಮೂರು-ನಾಲ್ಕು ಅಗಲದ ಪ್ರತಿ ಇಟ್ಟು ಫೋನಿಗೆ ಚಿಕ್ಕದು, ಕಂಪ್ಯೂಟರಿಗೆ ದೊಡ್ಡದು ಹೋಗುವಂತೆ ಮಾಡುವುದು ಯಂತ್ರದ ಕೆಲಸವೇ ಹೌದು. ಆದರೆ ಮೆರೂನ್ ನೇರಳೆಗೆ ವಾಲಿದೆ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕಲ್ಯಾಣ ಮಂಟಪದ ಫೋಟೋದಲ್ಲಿ ತೋರಿಸಬೇಕಾದದ್ದು ಊಟದ ಹಾಲ್, ಮುಂದೆ ನಿಂತ ಕಾರಲ್ಲ ಎಂದೂ ಗೊತ್ತಾಗುವುದಿಲ್ಲ. ನೂರಾರು ವೆಬ್‌ಸೈಟುಗಳು ವರ್ಡ್‌ಪ್ರೆಸ್‌ನಲ್ಲಿ ಇಲ್ಲ, ಕೈಯಲ್ಲಿ ಕಟ್ಟಿದ ಪುಟಗಳಾಗಿವೆ; ಅಲ್ಲಿ ಈ ಉಪಕಾರವೂ ಇಲ್ಲ. ಯಂತ್ರಕ್ಕೆ ಕೊಡುವ ಮೊದಲ ಪ್ರತಿಯನ್ನು ಮನುಷ್ಯರು ನೋಡಿ ಸಿದ್ಧಮಾಡಿದ್ದರೆ ಮಾತ್ರ ಯಂತ್ರ ಮಾಡುವ ಪ್ರತಿಗಳೂ ನೆಟ್ಟಗಿರುತ್ತವೆ.

ಆ ಮೊದಲ ಪ್ರತಿ ಬರುವ ದಾರಿಯೂ ಮುಖ್ಯ. ಸೀರೆ ಅಂಗಡಿಯವರು ವೆಬ್‌ಸೈಟ್ ಮಾಡುವವರಿಗೆ ಫೋಟೋ ಕಳಿಸುವುದು ವಾಟ್ಸಾಪ್‌ನಲ್ಲಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ತಾನೇ ಕುಗ್ಗಿಸಿ, ತಾನೇ ಕಂಪ್ರೆಸ್ ಮಾಡಿ ದಾಟಿಸುತ್ತದೆ. ಅದನ್ನು ತಂಗಿಗೆ, ತಂಗಿಯಿಂದ ಗ್ರೂಪಿಗೆ, ಗ್ರೂಪಿನಿಂದ ಇಳಿಸಿ ಎಡಿಟ್ ಮಾಡಿ ಮತ್ತೆ ಕಳಿಸುತ್ತ ಹೋದರೆ ಪ್ರತಿ ಸೇವ್‌ನಲ್ಲೂ ಒಂದಷ್ಟು ಕಳೆದು, ಚೌಕಗಳ ಗುರುತು ಕಾಣುವ ಮಟ್ಟಕ್ಕೆ ಬರುತ್ತದೆ. ಕಂಪ್ರೆಸ್ ಮಾಡಿದರೆ ಕ್ಲಾರಿಟಿ ಹೋಗುತ್ತದೆ ಎಂಬ ಹೆದರಿಕೆ ಹುಟ್ಟಿದ್ದು ಬಹುಶಃ ಇಂಥ ಫೋಟೋಗಳನ್ನು ಕಂಡೇ. ಆದರೆ ಆ ಹೆದರಿಕೆ ತಪ್ಪು ಕಡೆ ಕೈ ತೋರಿಸುತ್ತದೆ. ಕೆಡಿಸಿದ್ದು ಮತ್ತೆ ಮತ್ತೆ ಮಾಡಿದ ಕಂಪ್ರೆಸ್; ಒಮ್ಮೆ, ಕೊನೆಯಲ್ಲಿ, ನೋಡಿಕೊಂಡು ಮಾಡಿದ್ದಲ್ಲ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಫೈಲ್ ಇದ್ದಹಾಗೇ ಬರುತ್ತದೆ. ಎಲ್ಲ ತಿದ್ದುಪಡಿಯನ್ನೂ ಆ ಪ್ರತಿಯ ಮೇಲೆ ಮಾಡಿ, ಕಂಪ್ರೆಸ್ ಅನ್ನು ಕಟ್ಟಕಡೆಗೆ ಒಂದೇ ಸಲ ಮಾಡಬೇಕು.

‘ಹಾಗೇ ಹಾಕುವ’ ಪದ್ಧತಿಯಲ್ಲಿ ಚೆಂದಕ್ಕೆ ಸಂಬಂಧವಿಲ್ಲದ ಅಪಾಯವೂ ಒಂದಿದೆ. ಫೋನಿನ ಫೈಲಿನ ಒಳಗೆ ಎಕ್ಸಿಫ್ ಎಂಬ ಟಿಪ್ಪಣಿ ಅಡಗಿರುತ್ತದೆ: ತೆಗೆದ ದಿನ, ಗಂಟೆ, ಫೋನಿನ ಮಾದರಿ, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶ. ಮನೆಯಲ್ಲೇ ಮಗ್ಗ ಇಟ್ಟುಕೊಂಡ ಹೆಣ್ಣುಮಗಳು ತೆಗೆದ ಸೀರೆಯ ಫೋಟೋ ಹಾಗೇ ಹೋದರೆ ಆ ಮನೆ ಇರುವ ಜಾಗವೂ ಅದರ ಜೊತೆಗೆ ಹೋಗುತ್ತದೆ. ಶಾಲೆಯ ವೆಬ್‌ಸೈಟಿಗೆ ಪೋಷಕರು ಕಳಿಸಿದ ಮಗುವಿನ ಫೋಟೋದ್ದೂ ಇದೇ ಕತೆ. ಸೇವ್ ಮಾಡುವಾಗ ಈ ಟಿಪ್ಪಣಿಯನ್ನು ತೆಗೆದುಹಾಕುವುದು ಒಂದು ಗುರುತು ಹಾಕುವಷ್ಟೇ ಕೆಲಸ.

‘ಒರಿಜಿನಲ್’ ಬೇಕೇಬೇಕು ಎನ್ನುವವರ ಮಾತು ಪೂರ್ತಿ ಸರಿಯಾಗುವ ಒಂದು ಕ್ಷೇತ್ರ ಇದೇ ಜಿಲ್ಲೆಯಲ್ಲಿದೆ: ಶಾಸನಗಳು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಸೇರಿವೆ. ಆ ಕಾಲಕ್ಕೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಒತ್ತಿ, ಮಸಿ ಹಚ್ಚಿ ಅಚ್ಚು ತೆಗೆಯುತ್ತಿದ್ದರು. ಈಗ ಊರಿನ ಹುಡುಗರು ಫೋನ್ ಹಿಡಿದು ಹೊಲದ ಬದುವಿನಲ್ಲಿರುವ ಕಲ್ಲಿನ ಫೋಟೋ ತೆಗೆಯುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದೆ. ಮಳೆಗಾಳಿಗೆ ಸವೆದ ಕಲ್ಲಿನಲ್ಲಿ ಅಕ್ಷರದ ಗೆರೆಗೂ ಕಲ್ಲಿನ ಮೈಗೂ ಬೆಳಕಿನ ವ್ಯತ್ಯಾಸ ತೀರಾ ಕಡಿಮೆ. ಜೆಪಿಇಜಿಯ ಭಾಜಕಗಳು ಮೊದಲು ಸೊನ್ನೆ ಮಾಡುವುದು ಇಂಥ ಮೆಲುವಾದ, ನವಿರಾದ ಏರಿಳಿತವನ್ನೇ. ಗುಣಮಟ್ಟ 60ರಲ್ಲಿ ಸೇವ್ ಮಾಡಿದ ಶಾಸನದ ಫೋಟೋದಲ್ಲಿ ಒಂದು ಒತ್ತಕ್ಷರ ಅಳಿಸಿ ಹೋದರೆ ಓದುವವರು ಒಂದು ಊರಿನ ಹೆಸರನ್ನೇ ತಪ್ಪಾಗಿ ಓದಿಯಾರು. ಇಲ್ಲಿ ಮೂಲ ಫೈಲನ್ನು ಕಾಪಾಡಲೇಬೇಕು, ಸಾಧ್ಯವಾದರೆ ಕ್ಯಾಮೆರಾದ ರಾ ಫೈಲನ್ನೇ.

ಆದರೆ ಇಲ್ಲಿಯೂ ಕಾಪಾಡುವ ಪ್ರತಿ ಬೇರೆ, ತೋರಿಸುವ ಪ್ರತಿ ಬೇರೆ. ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಶಾಸನದ ಮೂಲ ಫೈಲ್ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ, ಎರಡು ಊರುಗಳಲ್ಲಿ ಇರಬೇಕು. ಅದರಿಂದ ನಷ್ಟವಿಲ್ಲದೆ ಉಳಿಸಿದ ಟಿಫ್ ಪ್ರತಿಯಲ್ಲಿ ಬೆಳಕು-ನೆರಳನ್ನು ತಿದ್ದಬೇಕು. ವೆಬ್‌ಪುಟದಲ್ಲಿ ಇಡೀ ಕಲ್ಲು ಕಾಣುವ 1080 ಪಿಕ್ಸೆಲಿನ ಒಂದು ಪ್ರತಿ; ಅದರ ಕೆಳಗೆ ಶಾಸನವನ್ನು ಸಾಲು ಸಾಲಾಗಿ ಕತ್ತರಿಸಿ, ಒಂದೊಂದು ಸಾಲೂ ಪರದೆಯ ಅಗಲ ತುಂಬುವಂತೆ, ಗುಣಮಟ್ಟ 90ರಲ್ಲಿ ಉಳಿಸಿದ ಪ್ರತಿಗಳು. ನಾಲ್ಕು ಎಂಬಿಯ ಇಡೀ ಫೋಟೋವನ್ನು ಫೋನಿನಲ್ಲಿ ಚಿವುಟಿ ಹಿಗ್ಗಿಸಿ ಓದುವುದಕ್ಕಿಂತ ಈ ಸಾಲುಗಳು ಬೇಗ ಬರುತ್ತವೆ, ಚೆನ್ನಾಗಿ ಓದಿಸಿಕೊಳ್ಳುತ್ತವೆ. ಪ್ರತಿ ಚಿತ್ರಕ್ಕೂ ಅಗಲ ಎತ್ತರ ಎಷ್ಟೆಂದು ಪುಟದ ಸಂಕೇತದಲ್ಲಿ ಬರೆದರೆ ಚಿತ್ರಗಳು ಬಂದು ಕೂರುವಾಗ ಅಕ್ಷರಗಳು ಜಿಗಿದಾಡುವುದಿಲ್ಲ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳಲೆಂದು ಆ ಸಾಲಿನ ಪಾಠವನ್ನೇ ಕನ್ನಡದಲ್ಲಿ ಪರ್ಯಾಯ ಪಠ್ಯವಾಗಿ ಕೊಟ್ಟರೆ ಹುಡುಕುವವರಿಗೂ ಆ ಕಲ್ಲು ಸಿಗುತ್ತದೆ. ಮೂಲವೇ ಬೇಕು ಎನ್ನುವ ಸಂಶೋಧಕರಿಗೆ ಪುಟದ ತುದಿಯಲ್ಲಿ ಒಂದು ಕೊಂಡಿ, ಅದರ ಪಕ್ಕದಲ್ಲಿ ಫೈಲ್ ಎಷ್ಟು ಎಂಬಿ ಇದೆ ಎಂಬ ಸಂಖ್ಯೆ.